ಗುಡಿಯಾತ್ತಂ ದಾರಿಯ ವೈದ್ಯೆ ಐಡಾ ಸ್ಕಡರ್

ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೊರಟ ರೈಲು ಕಾಟ್ಪಾಡಿ ಜಂಕ್ಷನ್ನಿನಲ್ಲಿ ನಿಂತಾಗ ಕೈಯಲ್ಲಿ ಎಕ್ಸ್‌ರೇ ಚೀಲ ಹಿಡಿದು ಇಳಿಯುವವರನ್ನು ಕಾಣುವುದು ಸಾಮಾನ್ಯ. ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯ ಜನರಿಗೆ ಈ ನಿಲ್ದಾಣ ಬಹುಕಾಲದಿಂದ ಪರಿಚಿತ. ಹಿರಿಯರು ರಾಯವೇಲೂರು ಎಂದು ಕರೆಯುತ್ತಿದ್ದ ವೆಲ್ಲೂರಿನ ದೊಡ್ಡಾಸ್ಪತ್ರೆಗೆ ಇದೇ ಬಾಗಿಲು. ಆದರೆ ಕಾಟ್ಪಾಡಿ ಬರುವ ಮುನ್ನವೇ ರೈಲು ಗುಡಿಯಾತ್ತಂ ಎಂಬ ನಿಲ್ದಾಣವನ್ನು ಹಾದುಹೋಗುತ್ತದೆಂಬುದನ್ನು ಗಮನಿಸುವವರು ಕಡಿಮೆ. ವೆಲ್ಲೂರಿನ ಆಸ್ಪತ್ರೆಯನ್ನು ಕಟ್ಟಿದ ಡಾ. ಐಡಾ ಸೋಫಿಯಾ ಸ್ಕಡರ್ ಅವರ ಬದುಕಿನ ಮುಖ್ಯ ಭಾಗವೊಂದು ಆಸ್ಪತ್ರೆಯ ಗೋಡೆಗಳೊಳಗೆ ನಡೆಯಲಿಲ್ಲ. ಅದು ನಡೆದದ್ದು ವೆಲ್ಲೂರಿನಿಂದ ಗುಡಿಯಾತ್ತಂಗೆ ಹೋಗುವ ಸುಮಾರು 23 ಮೈಲಿಗಳ ಹಾದಿಯಲ್ಲಿ, ರಸ್ತೆಬದಿಯ ಮರಗಳ ಕೆಳಗೆ.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ಅಂದಿನ ಮದ್ರಾಸ್ ಪ್ರಾಂತದ ಉತ್ತರ ಆರ್ಕಾಟ್ ಜಿಲ್ಲೆಯ ರಾಣಿಪೇಟೆಯಲ್ಲಿ. ವೈದ್ಯ ವೃತ್ತಿಯೂ ಮಿಷನರಿ ವೃತ್ತಿಯೂ ಆ ಮನೆತನದಲ್ಲಿ ಬೆರೆತುಹೋಗಿದ್ದವು. ತಾತ ಡಾ. ಜಾನ್ ಸ್ಕಡರ್ 1819ರಲ್ಲಿ ಅಮೆರಿಕ ಬಿಟ್ಟು ಸಿಂಹಳಕ್ಕೆ ಬಂದು, ಆಮೇಲೆ ಮದ್ರಾಸಿಗೆ ನೆಲೆ ಬದಲಿಸಿದವರು. ಅವರ ಮಕ್ಕಳು ಒಬ್ಬರ ಹಿಂದೊಬ್ಬರಂತೆ ಇದೇ ಸೀಮೆಯಲ್ಲಿ ಕೆಲಸಕ್ಕೆ ನಿಂತರು. ಐಡಾಳ ತಂದೆ ಎರಡನೆಯ ಜಾನ್ ಸ್ಕಡರ್ ಕೂಡ ವೈದ್ಯರೇ. ಗಂಡುಮಕ್ಕಳ ನಡುವೆ ಒಬ್ಬಳೇ ಹೆಣ್ಣುಮಗಳಾಗಿ ಬೆಳೆದ ಐಡಾಗೆ ಈ ಪರಂಪರೆ ಹೆಮ್ಮೆಗಿಂತ ಹೊರೆಯಾಗಿಯೇ ಕಂಡಿತೆನ್ನಬೇಕು.

ಅದಕ್ಕೆ ಕಾರಣವೂ ಇತ್ತು. ಆಕೆಗೆ ಆರೇಳು ವರ್ಷವಾಗಿದ್ದಾಗ ದಕ್ಷಿಣ ಭಾರತದ ಮೇಲೆ 1876-78ರ ಮಹಾಕ್ಷಾಮ ಎರಗಿತು. ಕನ್ನಡ ನಾಡಿನ ಹಳಬರು ಧಾತು ಈಶ್ವರ ಬರಗಾಲ ಎಂದು ನೆನೆಯುತ್ತಿದ್ದುದು ಇದನ್ನೇ. ಮೈಸೂರು ಸೀಮೆಯ ಹಳ್ಳಿಹಳ್ಳಿಗಳನ್ನೇ ಬರಿದುಮಾಡಿದ ಬರ ಅದು. ಆರ್ಕಾಟ್ ಸೀಮೆಯೂ ಅದೇ ಗತಿ ಕಂಡಿತು. ಗಂಜಿ ಕೇಂದ್ರದಲ್ಲಿ ತನ್ನ ವಯಸ್ಸಿನವೇ ಆದ, ಎಲುಬು ಕಾಣುವ ಮಕ್ಕಳ ಕೈಗೆ ರೊಟ್ಟಿಯ ಚೂರು ಹಂಚಿದ ನೆನಪು ಐಡಾಳನ್ನು ಬಿಡಲಿಲ್ಲ. ಮುಂದೆ ಕುಟುಂಬ ಅಮೆರಿಕಕ್ಕೆ ಮರಳಿತು. ಅಪ್ಪ ಅಮ್ಮ ಮತ್ತೆ ಭಾರತಕ್ಕೆ ಹೊರಟಾಗ ಮಗಳನ್ನು ಅಲ್ಲಿಯೇ ಬಂಧುಗಳ ಬಳಿ ಬಿಟ್ಟರು. ಮ್ಯಾಸಚೂಸೆಟ್ಸ್‌ನ ನಾರ್ತ್‌ಫೀಲ್ಡ್ ಶಾಲೆಯಲ್ಲಿ ಓದಿದ ಆಕೆ ಆಟಪಾಟಗಳಲ್ಲಿ ಮುಂದು, ಚೇಷ್ಟೆಯಲ್ಲಿ ಇನ್ನೂ ಮುಂದು. ಬಡತನ, ಕಾಯಿಲೆ, ಧೂಳು ತುಂಬಿದ ಆ ನಾಡಿಗೆ ತಾನು ಮರಳುವುದಿಲ್ಲವೆಂಬ ನಿರ್ಧಾರವೂ ಆಗಿಹೋಗಿತ್ತು. ಅಲ್ಲಿಯೇ ಮದುವೆ, ಮನೆ, ಸುಖದ ಸಂಸಾರ ಎಂಬುದು ಆಕೆಯ ಕನಸು.

1890ರಲ್ಲಿ ತಾಯಿಗೆ ಕಾಯಿಲೆಯೆಂಬ ಸುದ್ದಿ ಬಂತು. ಕೆಲಕಾಲ ಇದ್ದು ಹಿಂತಿರುಗುವ ಲೆಕ್ಕಾಚಾರದಲ್ಲಿಯೇ ಐಡಾ ತಿಂಡಿವನಂಗೆ ಬಂದರು. ಅಲ್ಲಿನ ಬಂಗಲೆಯಲ್ಲಿ ಒಂದು ರಾತ್ರಿ ನಡೆದುದನ್ನು ಅವರು ಜೀವನದುದ್ದಕ್ಕೂ ಹೇಳಿಕೊಂಡು ಬಂದರು. ಅದೇ ರಾತ್ರಿ ಒಬ್ಬರಾದ ಮೇಲೊಬ್ಬರಂತೆ ಮೂವರು ಗಂಡಸರು ಬಾಗಿಲಿಗೆ ಬಂದು ಹೆರಿಗೆಯ ಸಂಕಟದಲ್ಲಿದ್ದ ತಮ್ಮ ಹೆಂಡತಿಯರನ್ನು ಉಳಿಸಿಕೊಡುವಂತೆ ಬೇಡಿಕೊಂಡರು. ಜಾತಿ, ಮತ ಬೇರೆ ಬೇರೆಯಾದರೂ ಮೂವರ ಕಟ್ಟಳೆ ಒಂದೇ ಆಗಿತ್ತು. ಪರಗಂಡಸು ಹೆಂಗಸನ್ನು ಮುಟ್ಟಕೂಡದು. ಐಡಾ ತನ್ನ ತಂದೆಯನ್ನು ಕಳಿಸುವುದಾಗಿ ಹೇಳಿದರು. ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. ಐಡಾಗೆ ವೈದ್ಯ ಗೊತ್ತಿರಲಿಲ್ಲ. ಮೂವರು ಹೆಂಗಸರೂ ಬೆಳಗಾಗುವುದರೊಳಗೆ ತೀರಿಕೊಂಡರು. ಶವಯಾತ್ರೆಯ ತಮಟೆಯ ಸದ್ದು ಕೇಳುತ್ತ ಕುಳಿತ ಆ ಇಪ್ಪತ್ತರ ಆಸುಪಾಸಿನ ಹುಡುಗಿ ವೈದ್ಯೆಯಾಗಿ ಇಲ್ಲಿಗೇ ಮರಳುವುದಾಗಿ ಹೆತ್ತವರಿಗೆ ತಿಳಿಸಿದಳು.

ಮೊದಲು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು, ಆಮೇಲೆ ಹೆಣ್ಣುಮಕ್ಕಳಿಗೆ ಆಗತಾನೇ ಬಾಗಿಲು ತೆರೆದಿದ್ದ ಕಾರ್ನೆಲ್. 1899ರಲ್ಲಿ ಪದವಿ ಕೈಗೆ ಬಂತು. ಭಾರತಕ್ಕೆ ಹೊರಡುವ ಮುನ್ನ ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆಯೊಂದಕ್ಕೆ ಹಣ ಕೂಡಿಸುವ ಕೆಲಸ ಅವರ ಮೇಲೆ ಬಿತ್ತು. ನ್ಯೂಯಾರ್ಕ್‌ನ ಶೆಲ್ ಎಂಬ ಬ್ಯಾಂಕರ್ ತೀರಿಕೊಂಡ ತನ್ನ ಪತ್ನಿಯ ನೆನಪಿಗಾಗಿ 10,000 ಡಾಲರ್ ಕೊಟ್ಟುಬಿಟ್ಟರು. 1900ರ ಆರಂಭದಲ್ಲಿ ಐಡಾ ವೆಲ್ಲೂರಿಗೆ ಬಂದಿಳಿದಾಗ ಜೊತೆಗೆ ಗೆಳತಿ ಆನಿ ಹ್ಯಾನ್ಕಾಕ್ ಇದ್ದರು. ತಂದೆಯ ಕೈಕೆಳಗೆ ಕೆಲವು ವರ್ಷ ಕೆಲಸ ಕಲಿಯುವ ಆಸೆ ಮಾತ್ರ ಈಡೇರಲಿಲ್ಲ. ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು.

ಊರು ಈ ಹೊಸ ವೈದ್ಯೆಯನ್ನು ಕೂಡಲೇ ಒಪ್ಪಲಿಲ್ಲ. ಹೆಂಗಸು, ಚಿಕ್ಕ ವಯಸ್ಸು, ಅನುಭವವಿಲ್ಲ. ಮನೆಯ ಒಂದು ಕೋಣೆಯಲ್ಲಿ ತೆರೆದ ಔಷಧಾಲಯಕ್ಕೆ ಮೊದಮೊದಲು ಬಂದವರು ಎಲ್ಲಿಯೂ ವಾಸಿಯಾಗದೆ ಕೈಬಿಟ್ಟವರು ಮಾತ್ರ. ನಂಬಿಕೆ ನಿಧಾನವಾಗಿ ಬೆಳೆಯಿತು, ಒಮ್ಮೆ ಬೆಳೆದ ಮೇಲೆ ತಡೆಯಲಾಗಲಿಲ್ಲ. ಮೊದಲ ಎರಡು ವರ್ಷಗಳಲ್ಲಿ ಅವರು ನೋಡಿದ ರೋಗಿಗಳ ಸಂಖ್ಯೆ ಸುಮಾರು 5,000. 1902ರಲ್ಲಿ 40 ಹಾಸಿಗೆಗಳ ಮೇರಿ ಟೇಬರ್ ಶೆಲ್ ಆಸ್ಪತ್ರೆ ಬಾಗಿಲು ತೆರೆಯಿತು. ಈಗ ಅದು ಕಣ್ಣಿನ ಆಸ್ಪತ್ರೆಯಾಗಿದೆ.

ಇಲ್ಲಿಯವರೆಗಿನ ಕಥೆ ಬಹಳ ಸಲ ಬರೆಯಲ್ಪಟ್ಟಿದೆ. ಆಸ್ಪತ್ರೆ ಕಟ್ಟಿದವರ ಚರಿತ್ರೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಸಾಗುತ್ತವೆ. ಐಡಾ ಸ್ಕಡರ್ ಅವರನ್ನು ಬೇರೆಯಾಗಿಸುವುದು ಆಸ್ಪತ್ರೆ ಆದಮೇಲೆ ಅವರಿಗೆ ಹತ್ತಿದ ಚಿಂತೆ. ಹಾಸಿಗೆ ಇತ್ತು, ಔಷಧ ಇತ್ತು, ಹೆಣ್ಣು ವೈದ್ಯೆಯೂ ಇದ್ದರು. ಆದರೂ ಹಳ್ಳಿಯವರು ಬರುತ್ತಿದ್ದುದು ಕೊನೆಗಾಲಕ್ಕೆ. ಎತ್ತಿನ ಗಾಡಿ ಹೂಡಿ ಬರಲು ಇಡೀ ದಿನ ಬೇಕು. ಕೂಲಿ ತಪ್ಪುತ್ತದೆ, ಜೊತೆಗೆ ಬರುವವನ ಕೂಲಿಯೂ ತಪ್ಪುತ್ತದೆ. ನೋವು ತಡೆಯಲಾಗದ ಹೊತ್ತಿಗೆ ಮಾತ್ರ ಆಸ್ಪತ್ರೆಯ ನೆನಪು. ನೋವೇ ಇಲ್ಲದ ಕಾಯಿಲೆಯಾದರೆ ಆ ನೆನಪೂ ಇಲ್ಲ.

ವಾರಕ್ಕೊಮ್ಮೆ ಗುಡಿಯಾತ್ತಂನ ಔಷಧಾಲಯಕ್ಕೆ ಹೋಗಿಬರುವ ರೂಢಿ ಬೆಳೆಯಿತು. ಮೊದಲು ಎತ್ತಿನ ಗಾಡಿ. 1909ರ ಸುಮಾರಿಗೆ ಅಮೆರಿಕದ ಸ್ನೇಹಿತರ ನೆರವಿನಿಂದ ಒಂದೇ ಸಿಲಿಂಡರಿನ ಪೂಜೋ ಮೋಟಾರು ಬಂತು. ಕುದುರೆಯೂ ಎತ್ತೂ ಇಲ್ಲದೆ ಗುಡುಗುತ್ತ ಓಡುವ ಈ ವಸ್ತುವನ್ನು ಕಂಡು ಹಳ್ಳಿಗರು ಮೊದಲು ದೆವ್ವವೆಂದು ಬಗೆದು ಹೊಲಗಳ ಕಡೆಗೆ ಓಟಕಿತ್ತರಂತೆ. ವೈದ್ಯೆ ಇರುವುದು ಅದರೊಳಗೇ ಎಂದು ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಓಡಿದವರೇ ಮರುವಾರ ದಾರಿಗೆ ಅಡ್ಡ ನಿಂತು ಕೈ ತೋರಿಸತೊಡಗಿದರು. ಒಂದು ಕಡೆ ನಿಲ್ಲಿಸಿದರೆ ಇನ್ನೊಂದು ಊರಿನವರೂ ತಮ್ಮ ಮರದ ಬಳಿ ಕಾಯುತ್ತಿದ್ದರು. ಹೀಗೆ, ಯಾರೂ ಯೋಜನೆ ಹಾಕದೆ, ಗುಡಿಯಾತ್ತಂ ಮುಟ್ಟುವುದರೊಳಗೆ ನಿಲುಗಡೆಗಳ ಒಂದು ಸರಣಿಯೇ ಏರ್ಪಟ್ಟಿತು. ವೆಲ್ಲೂರಿನವರ ಬಾಯಲ್ಲಿ ಅದಕ್ಕೆ ಉಳಿದ ಹೆಸರು ರೋಡ್‌ಸೈಡ್. ಆ ಕಾಲಕ್ಕೆ ಬೇರೆ ಹೆಸರು ಬೇಕಿರಲಿಲ್ಲ.

ನಿಲುಗಡೆಯ ಕ್ರಮ ಸರಳವಾದದ್ದು. ಗಾಡಿ ನಿಂತೊಡನೆ ಔಷಧದ ಪೆಟ್ಟಿಗೆಗಳು ಕೆಳಗಿಳಿಯುತ್ತಿದ್ದವು. ಒಂದು ಕಡೆ ಹುಣ್ಣು ತೊಳೆದು ಪಟ್ಟಿ ಕಟ್ಟುವ ಕೆಲಸ, ಇನ್ನೊಂದು ಕಡೆ ಕಣ್ಣಿಗೆ ಹನಿ ಹಾಕುವುದು, ಮತ್ತೊಂದು ಕಡೆ ಹಲ್ಲು ಕೀಳುವುದು. ಮಕ್ಕಳ ಮೈತುಂಬ ಕಜ್ಜಿ, ಹೆಂಗಸರಲ್ಲಿ ರಕ್ತಹೀನತೆ, ಕೀವು ತುಂಬಿದ ಬಾವು. ಶಸ್ತ್ರಚಿಕಿತ್ಸೆ ಬೇಕಾದವರನ್ನು ಹಿಂತಿರುಗುವಾಗ ಗಾಡಿಯಲ್ಲೇ ಕೂರಿಸಿಕೊಂಡು ವೆಲ್ಲೂರಿಗೆ ತರುತ್ತಿದ್ದುದೂ ಉಂಟು. ಬಡವರಿಂದ ಹಣ ಕೇಳುತ್ತಿರಲಿಲ್ಲ. ಕೈಗೂಡುವವರು ಮಾತ್ರ ಏನಾದರೂ ಕೊಡುತ್ತಿದ್ದರು. ಕ್ರೈಸ್ತ ಚಿತ್ರಪಟಗಳನ್ನು ಹಂಚುವುದೂ, ಸುವಾರ್ತೆಯ ಮಾತು ಹೇಳುವುದೂ ಈ ಸಂಚಾರದ ಭಾಗವಾಗಿತ್ತೆಂಬುದನ್ನು ಮರೆಮಾಡಬೇಕಾದ್ದಿಲ್ಲ. ಮಿಷನ್ನಿನ ಹಣದಿಂದ ನಡೆದ ಕೆಲಸವದು, ಐಡಾ ತಾವು ಮಿಷನರಿ ಎಂಬುದನ್ನು ಎಂದೂ ಅಡಗಿಸಿದವರಲ್ಲ. ಔಷಧಕ್ಕಾಗಿ ಬಂದವರಲ್ಲಿ ಬಹುಮಂದಿ ಔಷಧವನ್ನು ಒಯ್ದರು, ತಮ್ಮ ದೇವರನ್ನು ಬಿಡಲಿಲ್ಲ. ಮುಂದಿನ ವಾರವೂ ಔಷಧ ಸಿಗುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಈ ಮರದಡಿಯ ಸಾಲುಗಳಲ್ಲಿ ಉಳಿದವರಿಂದ ದೂರ ಸರಿದು ನಿಲ್ಲುವ ಒಂದು ಗುಂಪೂ ಇರುತ್ತಿತ್ತು. ಅವರು ಕುಷ್ಠರೋಗಿಗಳು. ಉತ್ತರ ಆರ್ಕಾಟ್ ಸೀಮೆ ಕುಷ್ಠ ಬಹಳವಾಗಿ ಹಬ್ಬಿದ್ದ ಪ್ರದೇಶಗಳಲ್ಲೊಂದು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಕೋಲಾರ ಸೀಮೆಯನ್ನು ದಾಟಿ ಬರುವ ಪಾಲಾರ್ ನದಿಯ ಆ ಬಯಲಿನಲ್ಲಿ ಬೆರಳು ಮೊಂಡಾದ ಭಿಕ್ಷುಕರಿಲ್ಲದ ಜಾತ್ರೆಯಿರಲಿಲ್ಲ. ಆದರೆ ವೈದ್ಯರ ಚಿಂತೆಗೆ ಕಾರಣರಾದವರು ಕಣ್ಣಿಗೆ ಕಾಣುವ ಭಿಕ್ಷುಕರಲ್ಲ, ರವಿಕೆಯ ಕೆಳಗೋ ಪಂಚೆಯ ಮರೆಯಲ್ಲೋ ಒಂದು ಮಚ್ಚೆಯನ್ನು ಬಚ್ಚಿಟ್ಟುಕೊಂಡು ಮನೆಯೊಳಗಿದ್ದವರು.

ಕುಷ್ಠ ಶುರುವಾಗುವುದು ಹೀಗೆಯೇ. ಚರ್ಮದ ಮೇಲೆ ಸುತ್ತಲಿನ ಬಣ್ಣಕ್ಕಿಂತ ತುಸು ಮಾಸಿದ ಅಥವಾ ಕೆಂಪಾದ ಒಂದು ಕಲೆ. ತುರಿಸುವುದಿಲ್ಲ, ನೋಯುವುದಿಲ್ಲ. ಅದೇ ಅದರ ಮೋಸ. ಚಿಬ್ಬು, ಹುಳುಕಡ್ಡಿ, ತೊನ್ನು ಇವೆಲ್ಲವೂ ಹೊರನೋಟಕ್ಕೆ ಅದರ ಹಾಗೆಯೇ ಕಂಡಾವು. ತೊನ್ನು ಬಿಳಿಯಾದರೂ ಅಲ್ಲಿ ಸ್ಪರ್ಶಜ್ಞಾನ ಇರುತ್ತದೆ, ಹುಳುಕಡ್ಡಿ ತುರಿಸುತ್ತದೆ, ಕುಷ್ಠದ ಮಚ್ಚೆ ಮಾತ್ರ ಜೋಮು ಹಿಡಿದಂತಿರುತ್ತದೆ. ರೋಗಿಯ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದಲೋ ಗರಿಯಿಂದಲೋ ಮುಟ್ಟಿ, ಎಲ್ಲಿ ಮುಟ್ಟಿತೆಂದು ಬೆರಳಿಟ್ಟು ತೋರಿಸಲು ಹೇಳುವುದು ಹಳೆಯ ಪರೀಕ್ಷೆ. ಮೊಣಕೈ ಹಿಂದಿನ ನರ ದಪ್ಪಗಾಗಿದೆಯೇ ಎಂದು ಬೆರಳಿನಲ್ಲಿ ಒತ್ತಿ ನೋಡುವುದು ಇನ್ನೊಂದು. ಇದಕ್ಕೆ ಯಂತ್ರ ಬೇಡ. ಬೇಕಾದುದು ಒಳ್ಳೆಯ ಹಗಲು ಬೆಳಕು, ಅವಸರವಿಲ್ಲದ ಕಣ್ಣು ಹಾಗೂ ಮೈ ತೋರಿಸುವಷ್ಟು ನಂಬಿಕೆ. ಮೊದಲನೆಯದು ರಸ್ತೆಬದಿಯಲ್ಲಿ ಧಾರಾಳವಾಗಿತ್ತು, ಕತ್ತಲೆ ತುಂಬಿದ ಆಸ್ಪತ್ರೆಯ ಕೋಣೆಗಿಂತ ಅದೇ ಮೇಲು. ಮೂರನೆಯದು ಬರಲು ವರ್ಷಗಳೇ ಹಿಡಿದವು.

ನಂಬಿಕೆ ಬಾರದಿರಲು ಹಳ್ಳಿಯವರಿಗೆ ತಕ್ಕ ಕಾರಣವಿತ್ತು. 1898ರಲ್ಲಿ ಬ್ರಿಟಿಷ್ ಸರ್ಕಾರ ಮಾಡಿದ ಕುಷ್ಠರೋಗಿಗಳ ಕಾಯ್ದೆ, ಭಿಕ್ಷೆ ಬೇಡುವ ಕುಷ್ಠರೋಗಿಯನ್ನು ಹಿಡಿದು ಆಶ್ರಮಗಳಲ್ಲಿ ಕೂಡಿಹಾಕಲು ಅವಕಾಶ ಕೊಟ್ಟಿತ್ತು. ಮನೆಯ ಒಬ್ಬರಿಗೆ ಕುಷ್ಠವೆಂದು ಗೊತ್ತಾದರೆ ಉಳಿದ ಹೆಣ್ಣುಮಕ್ಕಳಿಗೆ ಮದುವೆಯಿಲ್ಲ. ಸೊಸೆಯ ಮೈಮೇಲೆ ಕಂಡರೆ ತವರಿಗೆ ಅಟ್ಟುವುದೇ ಸರಿ. ರೋಗ ಗೊತ್ತಾಗುವುದಕ್ಕಿಂತ ಗೊತ್ತಾಗದಿರುವುದೇ ಲೇಸೆಂದು ಮನೆಗಳು ತೀರ್ಮಾನಿಸಿದ್ದರೆ ಅದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಅವರ ಲೆಕ್ಕ ಆ ಕಾಲದ ಮಟ್ಟಿಗೆ ತಪ್ಪಾಗಿರಲಿಲ್ಲ.

ಔಷಧದ ವಿಷಯದಲ್ಲೂ ವೈದ್ಯೆಯ ಕೈ ಬಡವಾಗಿಯೇ ಇತ್ತು. ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ರೋಗಾಣುವನ್ನು ಕಂಡುಹಿಡಿದಿದ್ದರೂ ಅದನ್ನು ಕೊಲ್ಲುವ ಮದ್ದು ಸುಮಾರು ಏಳು ದಶಕಗಳವರೆಗೆ ಬಂದಿರಲಿಲ್ಲ. ಇದ್ದದ್ದು ಚಾಲ್ಮೋಗ್ರಾ ಎಣ್ಣೆಯೊಂದೇ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಗರುಡಫಲದ ಬೀಜದಿಂದ ತೆಗೆಯುವ ಎಣ್ಣೆಯೂ ಇದೇ ಜಾತಿಯದು. ಕುಡಿದರೆ ವಾಂತಿ, ಚುಚ್ಚಿಸಿಕೊಂಡರೆ ತಡೆಯಲಾರದ ನೋವು. ಒಂದೆರಡು ಸಲವಲ್ಲ, ವಾರವಾರವೂ, ವರ್ಷಗಟ್ಟಲೆ ಚುಚ್ಚಿಸಿಕೊಳ್ಳಬೇಕು. ಗೊತ್ತಾದ ದಿನ ಗೊತ್ತಾದ ಮರದಡಿಗೆ ತಪ್ಪದೆ ಬರುವ ಗಾಡಿಯ ಬೆಲೆ ತಿಳಿಯುವುದು ಇಲ್ಲಿಯೇ. ವೆಲ್ಲೂರಿಗೆ ವಾರಕ್ಕೊಮ್ಮೆ ಹೋಗಿಬರುವ ಶಕ್ತಿ ಯಾವ ಕೂಲಿಯವನಿಗೂ ಇರಲಿಲ್ಲ. ಸೂಜಿಯೇ ಅವನ ಊರಿಗೆ ಬಂದರೆ ಮಾತು ಬೇರೆ. ಐಡಾ ಮತ್ತು ಅವರ ಜೊತೆಗಾರರು ಸಾಲಾಗಿ ನಿಂತ ಕುಷ್ಠರೋಗಿಗಳಿಗೆ ಒಬ್ಬೊಬ್ಬರಿಗೂ ಸೂಜಿ ಚುಚ್ಚುತ್ತ ಹೋಗುತ್ತಿದ್ದರು, ಅವರ ಹುಣ್ಣುಗಳನ್ನು ಮುಟ್ಟಿ ತೊಳೆಯುತ್ತಿದ್ದರು. ಆ ಎಣ್ಣೆಯಿಂದ ಪೂರ್ತಿ ಗುಣವಾದವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಇಂದಿನ ವೈದ್ಯವಿಜ್ಞಾನ ಉತ್ಸಾಹದ ಉತ್ತರ ಕೊಡುವುದಿಲ್ಲ. ಮುಟ್ಟಿದ್ದರಿಂದ ಆದದ್ದು ಬೇರೆ. ಡಾಕ್ಟರಮ್ಮ ಮುಟ್ಟಿಯೂ ಅವರಿಗೇನೂ ಆಗಲಿಲ್ಲ, ಯಾರನ್ನೂ ಪೊಲೀಸಿಗೆ ಹಿಡಿದುಕೊಡಲಿಲ್ಲ, ಮುಂದಿನ ವಾರ ಮತ್ತೆ ಬಂದರು ಎಂಬುದನ್ನು ಸಾಲಿನಾಚೆ ನಿಂತವರೂ ನೋಡುತ್ತಿದ್ದರು.

ಇಷ್ಟೆಲ್ಲವನ್ನು ಒಬ್ಬರೇ ಮಾಡಿದರೆಂದು ಹೇಳುವ ಚರಿತ್ರೆಗಳು ಅವರಿಗೆ ನ್ಯಾಯ ಮಾಡುವುದಿಲ್ಲ. ಮೊದಲ ದಿನಗಳಲ್ಲಿ ಕೈಜೋಡಿಸಿದ್ದು ಸಲೋಮಿ ಎಂಬ ಸ್ಥಳೀಯ ಹೆಂಗಸು. ಓದಿಲ್ಲದಿದ್ದರೂ ಔಷಧ ಕೊಡುವುದನ್ನೂ ಪಟ್ಟಿ ಕಟ್ಟುವುದನ್ನೂ ಐಡಾ ಅವರಿಂದಲೇ ಕಲಿತವರು. ಗರ್ಟ್ರೂಡ್ ಡಾಡ್ ಎಂಬ ಶ್ರೀಮಂತ ಅಮೆರಿಕನ್ ಮಹಿಳೆ ಭಾರತಕ್ಕೆ ಬಂದು, ಒಂದು ಕಾಸು ಸಂಬಳವಿಲ್ಲದೆ ಆಸ್ಪತ್ರೆಯ ಲೆಕ್ಕಪತ್ರ ನೋಡಿಕೊಂಡು, ತನ್ನ ಹಣವನ್ನೂ ಬಡ ವಿದ್ಯಾರ್ಥಿನಿಯರ ಓದಿಗೆ ಸುರಿದು, 1944ರಲ್ಲಿ ಸಾಯುವವರೆಗೆ ಐಡಾರ ಜೊತೆಗೇ ಉಳಿದರು. ಆನಿ ಹ್ಯಾನ್ಕಾಕ್ ವೆಲ್ಲೂರಿನ ಮನೆಮನೆಗಳಿಗೆ ಹೋಗಿ, ಗೋಷಾದ ಹೆಂಗಸರ ಜೊತೆ ಕುಳಿತು ಮಾತನಾಡಿ, ಯಾರ ಮನೆಯಲ್ಲಿ ಯಾರು ನರಳುತ್ತಿದ್ದಾರೆಂಬ ಸುದ್ದಿ ತರುತ್ತಿದ್ದರು. ಆ ಸುದ್ದಿಯಿಲ್ಲದೆ ವೈದ್ಯೆಯ ಕೈಗೆ ಕೆಲಸವೇ ಇರುತ್ತಿರಲಿಲ್ಲ. ಇಂದು ತಪಾಸಣಾ ಶಿಬಿರ ಏರ್ಪಡಿಸುವವರೆಲ್ಲರಿಗೂ ಗೊತ್ತಿರುವ ಮಾತಿದು: ಶಾಮಿಯಾನ ಹಾಕುವುದು ಸುಲಭ, ಬರಬೇಕಾದವರನ್ನು ಮನೆಯಿಂದ ಹೊರಡಿಸುವುದೇ ಕಷ್ಟ.

ಒಂದು ಗಾಡಿ, ಒಂದು ಜೊತೆ ಕೈ ಸಾಲದೆಂಬ ಅರಿವೇ ಅವರನ್ನು ಶಿಕ್ಷಣದ ಕಡೆಗೆ ದೂಡಿತು. 1909ರಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. ಭಾರತೀಯ ಹೆಣ್ಣುಮಕ್ಕಳನ್ನೇ ವೈದ್ಯರನ್ನಾಗಿಸಬೇಕೆಂದು ಅವರು ಹೊರಟಾಗ ಮದ್ರಾಸಿನ ಅಧಿಕಾರಿಗಳಿಗೆ ನಗು ಬಂದಿತ್ತು. ಹುಡುಗಿಯರು ಸಿಗುವುದೇ ಅನುಮಾನ, ಸಿಕ್ಕರೂ ಪಾಸಾಗುವುದು ಇನ್ನೂ ಅನುಮಾನ ಎಂಬುದು ಅವರ ಎಣಿಕೆ. 1918ರ ಆಗಸ್ಟ್‌ನಲ್ಲಿ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಶಾಲೆಯನ್ನು ಉದ್ಘಾಟಿಸಿದರು. ಮೊದಲ ವರ್ಷದ ಪ್ರಾಂತೀಯ ಪರೀಕ್ಷೆಯಲ್ಲಿ ಗಂಡಸರ ಪೈಕಿ ಐವರಲ್ಲೊಬ್ಬರು ತೇರ್ಗಡೆಯಾದರೆ ವೆಲ್ಲೂರಿನ 14 ವಿದ್ಯಾರ್ಥಿನಿಯರಿಗೆ 14 ಮಂದಿಯೂ ತೇರ್ಗಡೆಯಾದರು. ಆಮೇಲೆ ನಗು ನಿಂತಿತು.

ಈ ವಿದ್ಯಾರ್ಥಿನಿಯರಿಗೆ ರಸ್ತೆಬದಿಯ ಗಾಡಿ ಎರಡನೆಯ ಪಾಠಶಾಲೆ. ಪುಸ್ತಕದಲ್ಲಿ ಓದಿದ ರೋಗ ಮರದಡಿಯಲ್ಲಿ ಬೇರೆ ಮುಖ ಹೊತ್ತು ಬರುತ್ತದೆ, ರೋಗಿಯ ಹಿಂದೆ ಅವನ ಸಾಲ, ಅವನ ಅತ್ತೆ, ಅವನ ಹೊಲ ಎಲ್ಲವೂ ನಿಂತಿರುತ್ತವೆ ಎಂಬುದನ್ನು ಅಲ್ಲಿ ಕಲಿಯಬೇಕಿತ್ತು. ಐಡಾ ಪಾಠದಲ್ಲಿ ಕಟ್ಟುನಿಟ್ಟು, ಆಟದಲ್ಲೂ ಹಾಗೆಯೇ. ವಯಸ್ಸಾದ ಮೇಲೂ ಟೆನಿಸ್ ಅಂಗಳದಲ್ಲಿ ಕಿರಿಯರನ್ನು ಸೋಲಿಸದೆ ಬಿಡುತ್ತಿರಲಿಲ್ಲ. ಹಟದ ಸ್ವಭಾವ, ಬೇಗ ಬರುವ ಸಿಟ್ಟು, ಅಷ್ಟೇ ಬೇಗ ಇಳಿಯುವ ಸಿಟ್ಟು. ಅವರ ಹತ್ತಿರ ಕೆಲಸ ಮಾಡುವುದು ಸುಲಭವಾಗಿತ್ತೆಂದು ಯಾರೂ ಹೇಳುವುದಿಲ್ಲ.

ಹಟ ಪರೀಕ್ಷೆಗೆ ಬಂದದ್ದು ಅವರಿಗೆ ಎಪ್ಪತ್ತು ಸಮೀಪಿಸುವಾಗ. 1938ರಲ್ಲಿ ಮದ್ರಾಸ್ ಸರ್ಕಾರ ವೈದ್ಯಕೀಯ ಡಿಪ್ಲೊಮಾವನ್ನು ಕೊನೆಗೊಳಿಸಿ, ಇನ್ನು ಮುಂದೆ ವಿಶ್ವವಿದ್ಯಾಲಯದ ಪದವಿಯೇ ಬೇಕೆಂದು ನಿರ್ಧರಿಸಿತು. ವೆಲ್ಲೂರಿನ ಶಾಲೆಗೆ ಪದವಿ ಕೊಡುವ ಯೋಗ್ಯತೆ ಬರಬೇಕಾದರೆ ಹೆಚ್ಚಿನ ಹಾಸಿಗೆಗಳು, ಉನ್ನತ ಪದವಿಯ ಪ್ರಾಧ್ಯಾಪಕರು, ಪ್ರಯೋಗಾಲಯಗಳು ಬೇಕಿದ್ದವು. ಸರ್ಕಾರದ ನಿರ್ಧಾರ ಅನ್ಯಾಯದ್ದೇನಲ್ಲ, ವೈದ್ಯರ ಮಟ್ಟ ಏರಬೇಕೆಂಬ ಉದ್ದೇಶವದು. ಆದರೆ ಶಾಲೆಯ ಪಾಲಿಗೆ ಅದು ಮರಣಶಾಸನವಾಗುವಂತಿತ್ತು. ಜಗತ್ತು ಯುದ್ಧದಲ್ಲಿ ಬೇಯುತ್ತಿದ್ದ 1941ರಲ್ಲಿ ಐಡಾ ಮತ್ತೆ ಅಮೆರಿಕಕ್ಕೆ ಹಡಗು ಹತ್ತಿದರು, ಊರೂರು ತಿರುಗಿ ಭಾಷಣ ಮಾಡಿ ಹಣ ಬೇಡಿದರು.

ಹಣಕ್ಕಿಂತ ಕಠಿಣವಾದದ್ದು ಇನ್ನೊಂದು ಪ್ರಶ್ನೆ. ಗಂಡುಹುಡುಗರನ್ನೂ ಸೇರಿಸಿಕೊಂಡರೆ ಹಲವು ಮಿಷನ್ನುಗಳ ನೆರವು ಸಿಗುತ್ತದೆ, ಕಾಲೇಜು ಉಳಿಯುತ್ತದೆ. ಸೇರಿಸದಿದ್ದರೆ ಮುಚ್ಚುತ್ತದೆ. ತಿಂಡಿವನಂನ ಆ ರಾತ್ರಿಯಿಂದ ಹೆಣ್ಣುಮಕ್ಕಳಿಗಾಗಿಯೇ ಕಟ್ಟಿದ ಸಂಸ್ಥೆಯಿದು. ಅದಕ್ಕಾಗಿ ವರ್ಷಗಳ ಕಾಲ ಅಮೆರಿಕದ ಮಹಿಳೆಯರಿಂದ ಹಣ ಕೂಡಿಸಿಕೊಟ್ಟ ಲೂಸಿ ಪೀಬಡಿ ಇದನ್ನು ನಂಬಿಕೆದ್ರೋಹವೆಂದೇ ಭಾವಿಸಿದರು. ಐಡಾರ ಮನಸ್ಸು ಹೊಯ್ದಾಡಿತು. ಕೊನೆಗೆ ಸಹಶಿಕ್ಷಣಕ್ಕೆ ಒಪ್ಪಿದರು, ಹಳೆಯ ಸ್ನೇಹ ಕಳೆದುಕೊಂಡರು. ಪೀಬಡಿಯವರ ಭಯಕ್ಕೆ ಅರ್ಥವಿರಲಿಲ್ಲವೆಂದು ಹೇಳಲಾಗದು. ಆದರೂ ಗುಡಿಯಾತ್ತಂ ದಾರಿಯ ಕಡೆಯಿಂದ ನೋಡಿದರೆ ಐಡಾರ ತೀರ್ಮಾನವೇ ಸರಿ. ಮರದಡಿಯಲ್ಲಿ ಕಾಯುವವರಿಗೆ ಬರುವ ವೈದ್ಯರಿರಬೇಕಾದದ್ದು ಮೊದಲು. 1942ರಲ್ಲಿ ಪದವಿ ತರಗತಿಗಳಿಗೆ ಮಾನ್ಯತೆ ದೊರೆಯಿತು, 1947ರಲ್ಲಿ ಗಂಡುಹುಡುಗರ ಮೊದಲ ತಂಡ ಸೇರಿತು. ಅದೇ ಹೊತ್ತಿಗೆ ಡಾ. ಹಿಲ್ಡಾ ಲಾಜರಸ್ ಸಂಸ್ಥೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ ಮಹಿಳೆಯಾದರು.

ಕುಷ್ಠರೋಗಿಗಳ ಮಟ್ಟಿಗೆ ಈ ಬದಲಾವಣೆಯ ಫಲ ಬೇಗನೆ ಕಂಡಿತು. 1944ರಲ್ಲಿ ಪ್ರಾಂಶುಪಾಲರಾಗಿ ಬಂದ ಡಾ. ರಾಬರ್ಟ್ ಕಾಕ್ರೇನ್ ಕುಷ್ಠತಜ್ಞರು. ಹೊಸದಾಗಿ ಬಂದಿದ್ದ ಸಲ್ಫೋನ್ ಔಷಧಗಳನ್ನು ಭಾರತದಲ್ಲಿ ಮೊದಲು ಬಳಸಿದವರಲ್ಲಿ ಅವರೂ ಒಬ್ಬರು. ಚಾಲ್ಮೋಗ್ರಾದ ಕಾಲ ಮುಗಿಯಿತು. 1946ರ ಕೊನೆಯಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕಂಡುಕೊಂಡದ್ದು ಇನ್ನೊಂದು ಸತ್ಯ. ಕುಷ್ಠರೋಗಿಯ ಬೆರಳು ಕೊಳೆತು ಉದುರುವುದಿಲ್ಲ. ನೋವು ತಿಳಿಯದ ಕೈ ಬಿಸಿ ಪಾತ್ರೆ ಹಿಡಿಯುತ್ತದೆ, ನೋವು ತಿಳಿಯದ ಕಾಲು ಮುಳ್ಳಿನ ಮೇಲೆ ನಡೆಯುತ್ತದೆ, ಗಾಯದ ಮೇಲೆ ಗಾಯವಾಗಿ ಅಂಗ ಸವೆಯುತ್ತದೆ. ಮಡಚಿಹೋದ ಬೆರಳುಗಳನ್ನು ಸ್ನಾಯು ಜೋಡಣೆಯಿಂದ ಅವರು ಮತ್ತೆ ತೆರೆಯಿಸಿದರು. 1955ರಲ್ಲಿ ವೆಲ್ಲೂರಿನ ಹತ್ತಿರದ ಕರಿಗಿರಿಯಲ್ಲಿ ಕುಷ್ಠ ಸಂಶೋಧನೆಯ ಆಸ್ಪತ್ರೆ ತಲೆಯೆತ್ತಿತು. ಇತ್ತ ಐಡಾರ ಸೋದರನ ಮಗಳು, ಅದೇ ಹೆಸರಿನ ಡಾ. ಐಡಾ ಬಿ. ಸ್ಕಡರ್, ಆಸ್ಪತ್ರೆಯಲ್ಲಿ ಕ್ಷಕಿರಣ ವಿಭಾಗವನ್ನೂ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆಯನ್ನೂ ಬೆಳೆಸಿದರು. ವೆಲ್ಲೂರಿನ ಕ್ಯಾನ್ಸರ್ ಕೇಂದ್ರಕ್ಕೆ ಆ ಕಿರಿಯ ಐಡಾರ ಹೆಸರಿದೆ.

ಹಿರಿಯ ಐಡಾ 1946ರಲ್ಲಿ ನಿವೃತ್ತರಾಗಿ ಕೊಡೈಕೆನಾಲ್‌ನ ಬೆಟ್ಟದ ಮನೆಗೆ ಹೋದರು. ವೆಲ್ಲೂರಿಗೆ ಆಗಾಗ ಬಂದುಹೋಗುವುದು ತಪ್ಪಲಿಲ್ಲ. ಡಾಕ್ಟರ್ ಐಡಾ, ಇಂಡಿಯಾ ಎಂದಷ್ಟೇ ವಿಳಾಸ ಬರೆದ ಕಾಗದ ಅವರ ಕೈ ಸೇರಿತ್ತೆಂಬ ಕಥೆ ಜನಜನಿತ. 1960ರ ಮೇ ತಿಂಗಳಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಕೊಡೈಕೆನಾಲ್‌ನಲ್ಲಿ ಅವರು ಕೊನೆಯುಸಿರೆಳೆದರು. ಮದುವೆಯಾಗಲಿಲ್ಲ. 2000ದಲ್ಲಿ ಭಾರತೀಯ ಅಂಚೆ ಇಲಾಖೆ ವೆಲ್ಲೂರಿನ ಸಂಸ್ಥೆಯ ಶತಮಾನೋತ್ಸವದ ಅಂಚೆಚೀಟಿ ಹೊರತಂದಿತು.

ರಸ್ತೆಬದಿಯ ಕೆಲಸ ಅವರ ಜೊತೆಗೆ ಮುಗಿಯಲಿಲ್ಲ. ಸಂಸ್ಥೆಯ ಗ್ರಾಮೀಣ ಆರೋಗ್ಯ ವಿಭಾಗಗಳು ಬೇರೆ ಬೇರೆ ಹೆಸರಿನಲ್ಲಿ ಅದನ್ನು ಮುಂದುವರಿಸಿದವು. 1977ರಲ್ಲಿ ಅವುಗಳಲ್ಲೊಂದಕ್ಕೆ ನೆಲೆಯಾದದ್ದು ಕೆ.ವಿ.ಕುಪ್ಪಂ. ಅದಿರುವುದು ವೆಲ್ಲೂರಿಗೂ ಗುಡಿಯಾತ್ತಂಗೂ ನಡುವೆ, ಪೂಜೋ ಗಾಡಿ ಓಡಾಡಿದ ಸೀಮೆಯಲ್ಲಿಯೇ. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆಯಿಂದ ಕುಷ್ಠ ಆರು ತಿಂಗಳಲ್ಲೋ ಒಂದು ವರ್ಷದಲ್ಲೋ ಗುಣವಾಗುವ ಕಾಯಿಲೆಯಾಯಿತು, ಔಷಧವೂ ಉಚಿತ. 2005ರ ಕೊನೆಗೆ ದೇಶದಲ್ಲಿ ರೋಗಿಗಳ ಪ್ರಮಾಣ 10,000 ಜನರಿಗೆ ಒಬ್ಬರಿಗಿಂತ ಕೆಳಗಿಳಿಯಿತು. ಹಾಗಿದ್ದೂ 2022-23ರಲ್ಲಿ ಭಾರತದಲ್ಲಿ ಹೊಸದಾಗಿ ಪತ್ತೆಯಾದವರ ಸಂಖ್ಯೆ ಒಂದು ಲಕ್ಷ ದಾಟಿತ್ತು. ಆಶಾ ಕಾರ್ಯಕರ್ತೆಯರೂ ಸ್ವಯಂಸೇವಕರೂ ಮನೆಮನೆಗೆ ಹೋಗಿ ಮೈಮೇಲಿನ ಮಚ್ಚೆ ಕೇಳುವ ಅಭಿಯಾನಗಳು ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ನಡೆಯುತ್ತ ಬಂದಿರುವುದು ಇದೇ ಕಾರಣಕ್ಕೆ.

ಭಯ ಹುಟ್ಟಿಸಿದ್ದ ಕಾನೂನುಗಳು ಔಷಧಕ್ಕಿಂತ ಹೆಚ್ಚು ಕಾಲ ಬಾಳಿದವು. 1898ರ ಕುಷ್ಠರೋಗಿಗಳ ಕಾಯ್ದೆಯನ್ನು ಸಂಸತ್ತು ರದ್ದುಮಾಡಿದ್ದು 2016ರಲ್ಲಿ. ಗಂಡ ಅಥವಾ ಹೆಂಡತಿಗೆ ಕುಷ್ಠವಿದೆಯೆಂಬ ಕಾರಣಕ್ಕೆ ವಿಚ್ಛೇದನ ಕೇಳಲು ವೈಯಕ್ತಿಕ ಕಾನೂನುಗಳಲ್ಲಿದ್ದ ಅವಕಾಶ ತೆಗೆದುಹಾಕಲ್ಪಟ್ಟದ್ದು 2019ರಲ್ಲಿ, ಐಡಾ ಸ್ಕಡರ್ ತೀರಿಕೊಂಡ 59 ವರ್ಷಗಳ ನಂತರ.